ಇ-ರೀಡರಿನಲ್ಲಿ ಅಪ್ಪನ ಪದ್ಯಗಳು

ನಮ್ಮ ಅಪ್ಪ ಯಕ್ಷಗಾನದ ಭಾಗವತರು, ಎಂದರೆ ಪದ್ಯ ಹಾಡುವವರು. ಮೇಳದವರಲ್ಲ, ಹವ್ಯಾಸಿ. ನೀರ್ಚಾಲಿನಿಂದ ಸ್ವಲ್ಪ ಒಳಗೆ ನಮ್ಮ ಮನೆ, ಸುತ್ತ ಅಡಿಕೆ ತೋಟ. ಪತ್ತನಾಜೆಗೆ, ಎಂದರೆ ಮೇ ಕೊನೆಯ ಹೊತ್ತಿಗೆ, ಮೇಳಗಳು ಗೆಜ್ಜೆ ಬಿಚ್ಚಿ ತಿರುಗಾಟ ಮುಗಿಸಿದ ಮೇಲೆ ನಮ್ಮ ಕುಂಬಳೆ ಸೀಮೆಯಲ್ಲಿ ತಾಳಮದ್ದಳೆ ಶುರುವಾಗುತ್ತದೆ. ವೇಷ, ಕುಣಿತ ಇಲ್ಲದೆ, ಕೂತಲ್ಲೇ ಹಾಡು ಮತ್ತು ಮಾತಿನಲ್ಲಿ ಕಥೆ ನಡೆಸುವುದು ಅದು. ಹೊರಗೆ ಮಳೆ ಸುರಿಯುತ್ತಿರುತ್ತದೆ, ಒಳಗೆ ಚಾವಡಿಯಲ್ಲಿ ಮದ್ದಳೆ. ನಲವತ್ತು ವರ್ಷದಿಂದ ಅಪ್ಪ ಆ ಮದ್ದಳೆಯ ಪಕ್ಕ ಕೂತು ಹಾಡುತ್ತಿದ್ದಾರೆ.

ಈಗ ಅವರಿಗೆ ಎಪ್ಪತ್ತನಾಲ್ಕು. ಒಂದು ಕಣ್ಣಿನ ಪೊರೆ ತೆಗೆಸಿ ಆಗಿದೆ, ಇನ್ನೊಂದು ಬಾಕಿ ಉಂಟು. ಹಾಡುವ ಪದ್ಯಗಳಿರುವ ಪ್ರಸಂಗ ಪುಸ್ತಕಗಳ ಅಕ್ಷರ ಸಣ್ಣದು, ಹಳೆಯ ಪುಸ್ತಕಗಳ ಕಾಗದ ಕಂದು ಬಣ್ಣಕ್ಕೆ ತಿರುಗಿದೆ. ಮೊದಲೆಲ್ಲ ಅವರೇ ದಪ್ಪ ಪೆನ್ನಿನಲ್ಲಿ ನೋಟ್ ಪುಸ್ತಕಕ್ಕೆ ದೊಡ್ಡದಾಗಿ ಬರೆದುಕೊಳ್ಳುತ್ತಿದ್ದರು. ಈಗ ಕೈ ನಡುಗುತ್ತದೆ. ಟ್ಯಾಬ್ ಕೊಟ್ಟು ನೋಡಿದೆ. ಕಣ್ಣು ಉರಿಯುತ್ತದೆ ಎಂದು ಹತ್ತೇ ನಿಮಿಷಕ್ಕೆ ಬದಿಗಿಟ್ಟರು. ಕಳೆದ ಸಲ ದುಬೈಯಿಂದ ಬರುವಾಗ ತಮ್ಮ ಒಂದು ಇ-ರೀಡರ್ ತಂದ. ಆರು ಇಂಚಿನದ್ದು. ಕಾಗದದ ಹಾಗೆ ಕಾಣುವ ಪರದೆ, ಒಂದು ಇಂಚಿಗೆ 300 ಚುಕ್ಕಿ. ಮಂದವಾದ ಬೆಳಕು ಒಳಗಿನಿಂದಲೇ ಬರುತ್ತದೆ. ಅಕ್ಷರವನ್ನು ಎಷ್ಟು ಬೇಕಾದರೂ ದೊಡ್ಡದು ಮಾಡಬಹುದು. ಇನ್ನೇನು ಬೇಕು ಅಂದುಕೊಂಡೆ.

ಕನ್ನಡ ಇ-ಪುಸ್ತಕದ ಒಂದು ಇಪಬ್ ಫೈಲ್ ಹಾಕಿ ತೆರೆದರೆ ಪುಟ ತುಂಬ ಚೌಕಗಳು. ಒಂದೂ ಅಕ್ಷರ ಇಲ್ಲ.

ಚೌಕ ಬಂತೆಂದರೆ ಅದರಲ್ಲಿ ಕನ್ನಡ ಫಾಂಟ್ ಇಲ್ಲ ಎಂದು ಅರ್ಥ. ಅಷ್ಟು ನನಗೆ ಗೊತ್ತಿತ್ತು. ಫಾಂಟ್ ಹಾಕುವುದು ಕಷ್ಟ ಏನಲ್ಲ. ಯುಎಸ್‌ಬಿ ಕೇಬಲ್‌ನಲ್ಲಿ ಕಂಪ್ಯೂಟರಿಗೆ ಸಿಕ್ಕಿಸಿದರೆ ಅದು ಪೆನ್‌ಡ್ರೈವ್ ಹಾಗೆ ತೆರೆದುಕೊಳ್ಳುತ್ತದೆ. ‘ಫಾಂಟ್ಸ್’ ಹೆಸರಿನ ಫೋಲ್ಡರ್ ಇದ್ದರೆ ಸರಿ, ಇಲ್ಲದಿದ್ದರೆ ಮಾಡಿಕೊಂಡು, ಟಿಟಿಎಫ್ ಅಥವಾ ಓಟಿಎಫ್ ಫೈಲನ್ನು ಅದರೊಳಗೆ ಹಾಕಬೇಕು. ಗೂಗಲ್ ಫಾಂಟ್ಸ್‌ನಿಂದ ನೋಟೋ ಸಾನ್ಸ್ ಕನ್ನಡ ಇಳಿಸಿಕೊಂಡೆ. ಅಲ್ಲಿ ಸಿಗುವ ಜಿಪ್ ಬಿಚ್ಚಿದರೆ ಎಲ್ಲ ದಪ್ಪಗಳೂ ಒಂದರಲ್ಲೇ ಇರುವ ವೇರಿಯಬಲ್ ಫೈಲ್ ಒಂದು ಇರುತ್ತದೆ. ‘ಸ್ಟಾಟಿಕ್’ ಎಂಬ ಫೋಲ್ಡರಿನಲ್ಲಿ ರೆಗ್ಯುಲರ್, ಮೀಡಿಯಂ, ಬೋಲ್ಡ್ ಎಂದು ಬೇರೆ ಬೇರೆ ಫೈಲ್ ಇರುತ್ತವೆ. ನಾನು ತೆಗೆದುಕೊಂಡದ್ದು ಬೇರೆ ಬೇರೆ ಇರುವುದನ್ನೇ. ಯಾವ ದಪ್ಪ ಬೇಕೋ ಅದನ್ನು ಮಾತ್ರ ಹಾಕಬಹುದು, ಪಟ್ಟಿಯಲ್ಲಿ ಹುಡುಕಲಿಕ್ಕೂ ಸುಲಭ.

ಚೌಕಗಳು ಹೋದವು, ಕನ್ನಡ ಬಂತು. ಖುಷಿಯಿಂದ ಅಪ್ಪನ ಕೈಗೆ ಕೊಟ್ಟೆ. ಅವರು ಹತ್ತಿರ ಹಿಡಿದರು, ದೂರ ಹಿಡಿದರು.

“ಎಂತ ಮಗಳೆ ಇದು? ಒತ್ತು ಎಲ್ಲ ಎಲ್ಲಿ ಹೋತು?”

ನೋಡಿದರೆ ಕೃಷ್ಣ ಹೋಗಿ ‘ಕೃಷ್‌ಣ’ ಆಗಿದ್ದಾನೆ. ಭಕ್ತ ‘ಭಕ್‌ತ’ ಆಗಿದ್ದಾನೆ. ಒತ್ತು ಕೆಳಗೆ ಇಳಿಯದೆ ಪಕ್ಕದಲ್ಲೇ ನಿಂತಿದೆ. ಕೆಲವು ಕಡೆ ‘ಕ’ದ ತಲೆಕಟ್ಟೂ ಇದೆ, ಅದರ ಪಕ್ಕ ಗುಡಿಸೂ ಇದೆ. ಎರಡೂ ಬೇರೆ ಬೇರೆ. ಫಾಂಟೇ ಸರಿ ಇಲ್ಲ ಅಂದುಕೊಂಡು ಇನ್ನೊಂದು ಹಾಕಿದೆ. ಮತ್ತೂ ಒಂದು ಹಾಕಿದೆ. ಎರಡು ಸಂಜೆ ಇದರಲ್ಲೇ ಕಳೆದವು. ಅಕ್ಷರದ ಆಕಾರ ಬದಲಾಯಿತೇ ಹೊರತು ಒತ್ತು ಕೆಳಗೆ ಬರಲಿಲ್ಲ.

ಬದಿಯಡ್ಕದಲ್ಲಿ ನನ್ನ ಗೆಳತಿ ಒಬ್ಬಳಿದ್ದಾಳೆ, ಮಲಯಾಳ ಟೀಚರ್. ಅವಳು ತನ್ನ ರೀಡರಿನಲ್ಲಿ ಮಲಯಾಳ ಪುಸ್ತಕಗಳನ್ನು ಚೆನ್ನಾಗಿ ಓದುತ್ತಾಳೆ. ಅವಳಿಗೆ ಫೋನ್ ಮಾಡಿದಾಗ ವಿಷಯ ಸ್ಪಷ್ಟವಾಯಿತು. ಇದನ್ನು ಇಲ್ಲಿ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ತುಂಬ ಜನ ಇಲ್ಲೇ ಸಿಕ್ಕಿಹಾಕಿಕೊಂಡು ಕೈಬಿಡುತ್ತಾರೆ.

ಫೈಲಿನೊಳಗೆ ‘ಷ್ಣ’ ಎನ್ನುವುದು ಒಂದು ಅಕ್ಷರವಾಗಿ ಇರುವುದಿಲ್ಲ. ಷ, ಆಮೇಲೆ ಹಲಂತದ ಗುರುತು, ಆಮೇಲೆ ಣ, ಹೀಗೆ ಮೂರು ಸಂಕೇತ ಸಾಲಾಗಿ ಇರುತ್ತವೆ. ಈ ಮೂರು ಸೇರಿದರೆ ಯಾವ ಆಕಾರ ಬರಬೇಕು ಎಂಬ ಪಟ್ಟಿ ಫಾಂಟ್ ಒಳಗೇ ಉಂಟು. ಣ ಒತ್ತಿನ ಚಿತ್ರವೂ ಅದರಲ್ಲೇ ಉಂಟು. ಆದರೆ ಆ ಪಟ್ಟಿಯನ್ನು ಓದಿ, ಸರಿಯಾದ ಆಕಾರವನ್ನು ತಂದು, ಸರಿಯಾದ ಜಾಗದಲ್ಲಿ ಕೂರಿಸುವ ಕೆಲಸ ರೀಡರಿನ ತಂತ್ರಾಂಶದ್ದು. ಇಂಗ್ಲಿಷಿಗೆ ಈ ಕೆಲಸ ಹೆಚ್ಚುಕಡಿಮೆ ಬೇಕಾಗುವುದೇ ಇಲ್ಲ. ಒಂದರ ಪಕ್ಕ ಒಂದು ಇಟ್ಟರೆ ಮುಗಿಯಿತು. ಕನ್ನಡಕ್ಕೆ, ಮಲಯಾಳಕ್ಕೆ, ತಮಿಳಿಗೆ, ಹಿಂದಿಗೆ ಅದು ಬೇಕೇ ಬೇಕು. ಆ ಕೆಲಸ ಮಾಡದ ತಂತ್ರಾಂಶಕ್ಕೆ ಎಷ್ಟು ಒಳ್ಳೆಯ ಫಾಂಟ್ ಕೊಟ್ಟರೂ ಒತ್ತು ಪಕ್ಕದಲ್ಲೇ ನಿಲ್ಲುತ್ತದೆ.

ಗೆಳತಿ ಹೇಳಿದ್ದು ಕೋರೀಡರ್ ಎಂಬ ತಂತ್ರಾಂಶ. ಉಚಿತ, ಮುಕ್ತ ತಂತ್ರಾಂಶ. ಕೋಬೋ, ಪಾಕೆಟ್‌ಬುಕ್, ಆಂಡ್ರಾಯ್ಡ್ ಸಾಧನಗಳಲ್ಲಿ ಓಡುತ್ತದೆ. ಕಿಂಡಲ್‌ನಲ್ಲೂ ಓಡುತ್ತದೆ, ಆದರೆ ಅದಕ್ಕೆ ಮೊದಲು ಜೈಲ್‌ಬ್ರೇಕ್ ಮಾಡಬೇಕು, ಎಂದರೆ ಕಂಪನಿ ಹಾಕಿದ ಬೀಗ ಬಿಚ್ಚಬೇಕು. ಅಕ್ಷರ ಜೋಡಿಸುವ ಕೆಲಸಕ್ಕೆ ಅದು ಹಾರ್ಫ್‌ಬಜ್ ಎಂಬ ಇನ್ನೊಂದು ತಂತ್ರಾಂಶವನ್ನು ಬಳಸುತ್ತದೆ. ಫೈರ್‌ಫಾಕ್ಸ್‌ನಲ್ಲಿ, ಆಂಡ್ರಾಯ್ಡ್ ಫೋನಿನಲ್ಲಿ ಕನ್ನಡ ಸರಿಯಾಗಿ ಕಾಣುವುದೂ ಇದೇ ಹಾರ್ಫ್‌ಬಜ್‌ನಿಂದ. ನಮ್ಮ ರೀಡರಿಗೆ ಹಾಕಲು ಅರ್ಧ ಗಂಟೆ ಹಿಡಿಯಿತು. ಮೊದಲಿನ ತಂತ್ರಾಂಶ ಹಾಗೇ ಉಳಿಯುತ್ತದೆ, ಬೇಕಾದಾಗ ಯಾವುದು ಬೇಕೋ ಅದಕ್ಕೆ ಹೋಗಬಹುದು. ಕೋರೀಡರ್ ಫೋಲ್ಡರಿನ ಒಳಗೆ ಅದರದ್ದೇ ಫಾಂಟ್ಸ್ ಫೋಲ್ಡರ್ ಉಂಟು. ಅದೇ ನೋಟೋ ಫೈಲನ್ನು ಅದಕ್ಕೆ ಹಾಕಿ, ಮತ್ತೆ ಚಾಲೂ ಮಾಡಿ, ಅದೇ ಪುಟ ತೆರೆದೆ.

ಕೃಷ್ಣ ಕೃಷ್ಣನೇ ಆಗಿದ್ದ. ಅಡುಗೆ ಮನೆಯಲ್ಲಿದ್ದ ಅಮ್ಮನನ್ನು ಕೂಗಿ ಕರೆದು ತೋರಿಸಿದೆ.

ಒಂದು ವಿಷಯ ಗಮನಿಸಿ. ಕೋರೀಡರಿನ ಕೆಳಗಿನ ಮೆನುವಿನಲ್ಲಿ ಕರ್ನಿಂಗ್ ಎಂಬ ಸಾಲು ಉಂಟು. ಆಫ್, ಫಾಸ್ಟ್, ಗುಡ್, ಬೆಸ್ಟ್ ಎಂದು ನಾಲ್ಕು ಆಯ್ಕೆ. ಕನ್ನಡಕ್ಕೆ ಬೆಸ್ಟ್ ಇರಲೇಬೇಕು. ಪುಟ ಬೇಗ ತೆರೆಯಲಿ ಎಂದು ಅದನ್ನು ಕೆಳಗಿಳಿಸಿದರೆ ಒತ್ತುಗಳು ಮತ್ತೆ ಬಿಟ್ಟುಹೋಗುತ್ತವೆ. ಇನ್ನೊಂದು, ಫಾಂಟ್ ಪಟ್ಟಿಯಲ್ಲಿ ಹೆಸರಿನ ಮೇಲೆ ಬೆರಳು ಒತ್ತಿ ಹಿಡಿದರೆ ಅದನ್ನು ಯಾವಾಗಲೂ ಬರುವ ಫಾಂಟ್ ಮಾಡಬಹುದು. ಅಥವಾ ಮುಖ್ಯ ಫಾಂಟಿನಲ್ಲಿ ಇಲ್ಲದ ಅಕ್ಷರಗಳಿಗೆ ಬದಲಿ ಫಾಂಟ್ ಆಗಿ ಇಡಬಹುದು. ಕಾಸರಗೋಡಿನವರಿಗೆ ಇದು ತುಂಬ ಉಪಯೋಗದ್ದು. ನಮ್ಮ ಮನೆಯಲ್ಲಿ ಎರಡೂ ಲಿಪಿಯ ಪುಸ್ತಕ ಓದುತ್ತೇವೆ ಅಲ್ವಾ? ಸ್ವತಂತ್ರ ಮಲಯಾಳಂ ಕಂಪ್ಯೂಟಿಂಗ್‌ನವರ ಮಂಜರಿ ಫಾಂಟನ್ನು ಬದಲಿಯಾಗಿ ಇಟ್ಟಿದ್ದೇನೆ. ಕನ್ನಡ ಪುಟದ ನಡುವೆ ಮಲಯಾಳದ ಸಾಲು ಬಂದರೂ ಈಗ ಚೌಕ ಬರುವುದಿಲ್ಲ. ಮಂಜರಿ, ರಚನ, ಮೀರ ಎಂದು ಮಲಯಾಳದವರು ತಾವೇ ಸೇರಿ ಎಷ್ಟು ಒಳ್ಳೆಯ ಫಾಂಟ್‌ಗಳನ್ನು ಮಾಡಿ ಎಲ್ಲರಿಗೂ ಬಿಟ್ಟುಕೊಟ್ಟಿದ್ದಾರೆ ನೋಡಿ. ಕನ್ನಡದಲ್ಲೂ ಆ ಕೆಲಸ ಇನ್ನೂ ಜಾಸ್ತಿ ಆಗಬೇಕು ಎಂದು ನನ್ನ ಆಸೆ.

ಇನ್ನು ಪದ್ಯಗಳು. ಅಪ್ಪನ ಪ್ರಸಂಗಗಳಲ್ಲಿ ಅರ್ಧ ಹಿಂದೆ ‘ನುಡಿ’ ತಂತ್ರಾಂಶದಲ್ಲಿ ಡಿಟಿಪಿ ಮಾಡಿಸಿದ ಹಳೆಯ ಫೈಲುಗಳಲ್ಲಿ ಇದ್ದವು. ಅವು ಯುನಿಕೋಡ್ ಅಲ್ಲ, ಎಂದರೆ ಕನ್ನಡದ ಅಕ್ಷರಗಳಿಗೆ ಅವುಗಳದ್ದೇ ಸಂಕೇತ ಇಲ್ಲ. ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ತುಂಡುಗಳನ್ನು ಇಟ್ಟು ಮಾಡಿದ ಫಾಂಟಿನಲ್ಲಿ ಬರೆದದ್ದು. ಆ ಫಾಂಟ್ ತೆಗೆದರೆ ಬರೀ ಸೊಟ್ಟ ಗುರುತುಗಳು ಕಾಣುತ್ತವೆ. ಇದಕ್ಕೆ ಪರಿವರ್ತಕಗಳು ಉಚಿತವಾಗಿ ಸಿಗುತ್ತವೆ, ಅದರಲ್ಲಿ ಹಾಕಿ ಯುನಿಕೋಡ್ ಮಾಡಿಕೊಂಡೆ. ಉಳಿದರ್ಧ ಬೇರೆ ಭಾಗವತರು ಫೋನಿನಲ್ಲಿ ಟೈಪ್ ಮಾಡಿ ವಾಟ್ಸಾಪಿನಲ್ಲಿ ಕಳಿಸಿದ್ದು. ಅಲ್ಲೊಂದು ಬೇರೆಯೇ ತೊಂದರೆ ಇತ್ತು. ಅರ್ಕಾವೊತ್ತು ಟೈಪ್ ಮಾಡುವುದು ಹೇಗೆಂದು ಗೊತ್ತಾಗದೆ ಒಂಬತ್ತನ್ನು ಹಾಕಿದ್ದರು. ‘ಕಣ೯’, ‘ಅಜು೯ನ’, ‘ಧಮ೯ರಾಯ’. ಫೋನಿನ ಸಣ್ಣ ಅಕ್ಷರದಲ್ಲಿ ಇದು ಗೊತ್ತೇ ಆಗುವುದಿಲ್ಲ. ದೊಡ್ಡದು ಮಾಡಿದಾಗ ಒಂಬತ್ತು ಒಂಬತ್ತಾಗಿಯೇ ಎದ್ದು ಕಾಣುತ್ತದೆ. ಹಾಗೆಯೇ ಸೊನ್ನೆ. ಅನುಸ್ವಾರದ ಬದಲು ಅಂಕಿಯ ಸೊನ್ನೆ ಹಾಕಿದ ಪದಗಳು ಬೇಕಾದಷ್ಟು. ನೋಡಲು ಎರಡೂ ಒಂದೇ. ಆದರೆ ‘ಪಾಂಡವ’ ಎಂದು ಹುಡುಕಿದರೆ ಅಂಕಿ ಇರುವ ಪದ ಸಿಗುವುದಿಲ್ಲ. ಒಂದೊಂದನ್ನೇ ಹುಡುಕಿ ತಿದ್ದಿದೆ. ಇದಕ್ಕೆ ಹದಿನೈದು ದಿನ ಹಿಡಿಯಿತು, ದಿನಕ್ಕೆ ಒಂದು ಗಂಟೆಯ ಹಾಗೆ. ಫಾಂಟಿನ ಕೆಲಸಕ್ಕಿಂತ ಜಾಸ್ತಿ ಸಮಯ ಹೋದದ್ದು ಇದಕ್ಕೇ.

ಆಮೇಲೆ ಕ್ಯಾಲಿಬರ್ ಎಂಬ ತಂತ್ರಾಂಶದಲ್ಲಿ ಇಪಬ್ ಮಾಡಿದೆ. ಒಂದು ಪದ್ಯಕ್ಕೆ ಒಂದು ಪುಟ. ಮೇಲೆ ರಾಗ, ತಾಳ. ಇದಕ್ಕೊಂದು ಕಾರಣ ಉಂಟು. ಹಾಡುವಾಗ ಭಾಗವತರ ಒಂದು ಕೈಯಲ್ಲಿ ಜಾಗಟೆ, ಇನ್ನೊಂದರಲ್ಲಿ ಕೋಲು. ಪದ್ಯದ ನಡುವೆ ಪುಟ ತಿರುಗಿಸಲು ಕೈ ಇಲ್ಲ. ಪದ್ಯ ಮುಗಿದು ಅರ್ಥಧಾರಿಗಳು ಮಾತಿಗೆ ಶುರು ಮಾಡಿದಾಗ ಪುಟ ತಿರುಗಿದರೆ ಸಾಕು. ಹಾಗಾಗಿ ಇಡೀ ಪದ್ಯ ಒಂದೇ ಪರದೆಯಲ್ಲಿ ಕೂರಬೇಕು, ಅಪ್ಪನ ಕಣ್ಣಿಗೆ ಎರಡಡಿ ದೂರದಿಂದ ಕಾಣಲೂ ಬೇಕು. ಫಾಂಟ್ ಆರಿಸುವ ನಿಜವಾದ ಕೆಲಸ ಶುರುವಾದದ್ದು ಇಲ್ಲಿ.

ಆರು ಇಂಚು ಎಂದರೆ ಮೂಲೆಯಿಂದ ಮೂಲೆಗೆ. ಪರದೆಯ ಅಗಲ ಬರೀ 9 ಸೆಂಟಿಮೀಟರ್. ಭಾಮಿನಿ ಷಟ್ಪದಿಯ ಮೂರನೆಯ ಮತ್ತು ಆರನೆಯ ಸಾಲು ಉದ್ದ, 23 ಮಾತ್ರೆ. ಉಳಿದ ನಾಲ್ಕು ಸಾಲು 14 ಮಾತ್ರೆಯವು. ಅಪ್ಪನಿಗೆ ಬೇಕಾದ ಅಳತೆಯಲ್ಲಿ ಉದ್ದದ ಸಾಲು ತುಂಡಾಗಿ ಕೆಳಗೆ ಬರುತ್ತಿತ್ತು. ಸಾಲು ತುಂಡಾದರೆ ಉಸಿರು ತೆಗೆದುಕೊಳ್ಳುವ ಜಾಗ ತಪ್ಪುತ್ತದೆ. ಅಪ್ಪ ಅಂತಹ ಒಂದು ಪದ್ಯವನ್ನು ಹಾಡಿ ತೋರಿಸಿದರು. ತುಂಡಾದ ಪದ ಬಂದಾಗ ಸ್ವರ ಒಂದು ಕ್ಷಣ ತಡವರಿಸಿದ್ದು ನನಗೂ ಕೇಳಿಸಿತು.

ಕಿರಿದಾದ ಫಾಂಟ್ ಹುಡುಕಿದೆ. ಅನೇಕ್ ಕನ್ನಡದಲ್ಲಿ ದಪ್ಪ ಮಾತ್ರ ಅಲ್ಲ, ಅಗಲವೂ ಬೇರೆ ಬೇರೆ ಸಿಗುತ್ತದೆ. ಕಂಡೆನ್ಸ್ಡ್, ಸೆಮಿ ಕಂಡೆನ್ಸ್ಡ್ ಎಂದು. ಸೆಮಿ ಕಂಡೆನ್ಸ್ಡ್ ಹಾಕಿದೆ. ಸಾಲು ಬಹುತೇಕ ಕೂತಿತು. ಅಕ್ಷರದ ಗೆರೆಗಳು ಎಲ್ಲ ಕಡೆ ಒಂದೇ ದಪ್ಪ, ತುಂಬ ಸ್ಪಷ್ಟ. ಅಪ್ಪ ನೋಡಿ, “ಬೋರ್ಡಿನ ಅಕ್ಷರದ ಹಾಂಗೆ ಇದ್ದು” ಎಂದರು. ಬಸ್ಸಿನ ಬೋರ್ಡ್ ಓದಿದ ಹಾಗೆ ಪದ್ಯ ಓದಲು ಅವರಿಗೆ ಮನಸ್ಸು ಬರಲಿಲ್ಲ. ನಾನು ಅದನ್ನು ತಳ್ಳಿಹಾಕಲಿಲ್ಲ. ಎಪ್ಪತ್ತು ವರ್ಷ ಅಚ್ಚಿನ ಪುಸ್ತಕದ ಕನ್ನಡ ಓದಿದ ಕಣ್ಣು ಅದು. ಅದಕ್ಕೆ ಒಂದು ಅಭ್ಯಾಸ ಇರುತ್ತದೆ.

ತಿರೋ ಕನ್ನಡ ಹಾಕಿದಾಗ ಅವರ ಮುಖ ಅರಳಿತು. ಹಳೆಯ ಪುಸ್ತಕದ ಅಕ್ಷರದ ಹಾಗೆಯೇ ಉಂಟು. ಬಾಗುವ ಕಡೆ ದಪ್ಪ, ತಿರುಗುವ ಕಡೆ ಸಣ್ಣ. ಕಂಪ್ಯೂಟರ್ ಪರದೆಯಲ್ಲಿ ನನಗೂ ಬಹಳ ಇಷ್ಟವಾದ ಫಾಂಟ್. ಆದರೆ ರೀಡರಿನ ಪರದೆಯಲ್ಲಿ ಆ ಸಣ್ಣ ಗೆರೆಗಳು ಬೂದು ಬಣ್ಣಕ್ಕೆ ತಿರುಗಿ ಮಸುಕಾಗುತ್ತವೆ. ಹಗಲಿನಲ್ಲಿ ತೊಂದರೆ ಇಲ್ಲ. ಸಂಜೆ ಅಪ್ಪ ‘ರಥ’ವನ್ನು ‘ರದ’ ಎಂದು ಓದಿದರು.

ಅಲ್ಲಿಗೆ ನನಗೊಂದು ದಾರಿ ಸಿಕ್ಕಿತು. ದ, ಧ, ಥ. ಮೂರಕ್ಕೂ ಮೈ ಒಂದೇ. ಧ ಎಂದರೆ ಹೊಟ್ಟೆ ಸೀಳಿದ್ದು, ಥ ಎಂದರೆ ಹೊಟ್ಟೆಯೊಳಗೆ ಚುಕ್ಕಿ ಇರುವುದು. ಆ ಸೀಳು, ಆ ಚುಕ್ಕಿ ಇಷ್ಟೇ ಇಷ್ಟು. ಪೊರೆ ಬಂದ ಕಣ್ಣಿಗೆ ಮೊದಲು ಕಾಣದೆ ಹೋಗುವುದು ಅದೇ. ಬ, ಭ ಕೂಡ ಹಾಗೆ. ಡ, ಢ ಕೂಡ ಹಾಗೆ. ಒಂದು ಪುಟ ಮಾಡಿದೆ. ರಥ, ಕದ, ವಧೆ, ವದನ, ಕಥೆ, ಬಾರ, ಭಾರ. ಅದರ ಕೆಳಗೆ ಕಷ್ಟದ ಒತ್ತುಗಳು: ಲಕ್ಷ್ಮಣ, ರಾಷ್ಟ್ರ, ಅಸ್ತ್ರ, ಮತ್ಸ್ಯ, ಸ್ವಾತಂತ್ರ್ಯ, ಉತ್ಪ್ರೇಕ್ಷೆ. ಅದರ ಕೆಳಗೆ ಅರ್ಕಾವೊತ್ತಿನವು: ಕರ್ಣ, ಪಾರ್ಥ, ಧರ್ಮ. ಪ್ರತಿ ಫಾಂಟಿನಲ್ಲೂ ಈ ಪುಟವನ್ನು ಅಪ್ಪನಿಂದ ಓದಿಸಿದೆ. ಸಂಜೆ ಆರೂವರೆಗೆ, ಚಾವಡಿಯ ಟ್ಯೂಬ್‌ಲೈಟಿನಲ್ಲಿ, ಮಡಿಲಿನಲ್ಲಿ ಇಟ್ಟುಕೊಂಡು ಅಲ್ಲ, ಮುಂದೆ ನೆಲದ ಮೇಲೆ ಪುಸ್ತಕದ ಸ್ಟ್ಯಾಂಡಿನಲ್ಲಿ ಇಟ್ಟು. ಹಾಡುವಾಗ ಹೇಗೆ ಕೂರುತ್ತಾರೋ ಹಾಗೆಯೇ.

ತಿರೋಗೆ ಒಂದೇ ದಪ್ಪ. ಕೋರೀಡರಿನಲ್ಲಿ ಅಕ್ಷರದ ದಪ್ಪ ಏರಿಸುವ ಸೌಲಭ್ಯ ಉಂಟು, ಅದನ್ನು ಏರಿಸಿ ನೋಡಿದೆ. ಗೆರೆ ಕಪ್ಪಾಯಿತು ನಿಜ, ಆದರೆ ಒಳಗೂ ಹೊರಗೂ ದಪ್ಪವಾಗಿ ‘ಧ’ ಅಕ್ಷರದ ಹೊಟ್ಟೆಯ ಸೀಳು ಮುಚ್ಚಿಹೋಯಿತು. ಯಂತ್ರ ಸುಮ್ನೆ ಗೆರೆಗೆ ಮಸಿ ಸೇರಿಸುತ್ತದೆ. ಅಕ್ಷರ ಬರೆದವರು ದಪ್ಪ ಮಾಡುವಾಗ ಸೀಳಿಗೆ ಜಾಗ ಬಿಟ್ಟು ಮಾಡುತ್ತಾರೆ. ಈ ವ್ಯತ್ಯಾಸ ಅಪ್ಪ ಓದುವಾಗ ಕಣ್ಣಿಗೇ ಕಂಡಿತು. ಹಾಗಾಗಿ ಬೇರೆ ಬೇರೆ ದಪ್ಪದಲ್ಲಿ ಬರೆದೇ ಕೊಟ್ಟಿರುವ ಫಾಂಟ್ ಬೇಕಾಯಿತು. ನೋಟೋ ಸೆರಿಫ್ ಕನ್ನಡದಲ್ಲಿ ಒಂಬತ್ತು ದಪ್ಪ ಉಂಟು. ರೆಗ್ಯುಲರ್ ಹಾಕಿದರೆ ತಿರೋನ ಹಾಗೆಯೇ ಸಣ್ಣ ಗೆರೆ ಮಸುಕು. ಬೋಲ್ಡ್ ಹಾಕಿದರೆ ಒತ್ತುಗಳು ಗಿಡ್ಡವಾಗಿ ಮುದ್ದೆಯಾದ ಹಾಗೆ. ಮೀಡಿಯಂ ಹಾಕಿದಾಗ ಅಪ್ಪ ಪುಟವಿಡೀ ಓದಿದರು. ರಥ ರಥವೇ ಆಯಿತು. ‘ಸ್ವಾತಂತ್ರ್ಯ’ದ ಕೆಳಗಿನ ಎರಡು ಒತ್ತನ್ನೂ ಬಿಡಿಸಿ ಹೇಳಿದರು.

“ಈಗ ಓದುಲೆ ಎಡಿಗು” ಎಂದರು. ಓದಲಿಕ್ಕೆ ಆಗುತ್ತದೆ ಎಂದು.

‘ಬಲೂ ತಮ್ಮ’ ಎಂಬ ಫಾಂಟ್ ಕೂಡ ಹಾಕಿ ನೋಡಿದ್ದೆ. ಉರುಟಾದ, ತುಂಬಿಕೊಂಡ ಅಕ್ಷರ. ರಾಗ, ತಾಳದ ಹೆಸರಿಗೆ ಚೆನ್ನಾಗಿ ಕಾಣುತ್ತದೆ, ಅಲ್ಲಿಗೆ ಅದನ್ನೇ ಉಳಿಸಿಕೊಂಡೆ. ಪದ್ಯಕ್ಕೆ ಆಗುವುದಿಲ್ಲ. ಇವೆಲ್ಲವೂ ಮುಕ್ತ ಪರವಾನಗಿಯವು. ಯಾರು ಬೇಕಾದರೂ ಇಳಿಸಿಕೊಳ್ಳಬಹುದು, ಇನ್ನೊಬ್ಬರಿಗೆ ಕೊಡಬಹುದು.

ಆದರೆ ನೋಟೋ ಸೆರಿಫ್ ಅಗಲದ ಫಾಂಟ್. ಉದ್ದದ ಸಾಲು ಮತ್ತೆ ತುಂಡಾಯಿತು. ದಾರಿ ತೋರಿಸಿದ್ದು ಅಮ್ಮ. “ಅಡ್ಡ ಹಿಡಿದರೆ ಆಗದಾ?” ಎಂದು ಕೇಳಿದರು. ಆಗುತ್ತದೆ! ಕೋರೀಡರಿನಲ್ಲಿ ಪರದೆಯನ್ನು ತಿರುಗಿಸಬಹುದು. ಅಡ್ಡ ಹಿಡಿದರೆ ಅಗಲ 12 ಸೆಂಟಿಮೀಟರಿಗಿಂತ ಸ್ವಲ್ಪ ಜಾಸ್ತಿ. 23 ಮಾತ್ರೆಯ ಸಾಲು ಆರಾಮವಾಗಿ ಕೂತಿತು. ಎತ್ತರ 9 ಸೆಂಟಿಮೀಟರ್, ಅದರಲ್ಲಿ ಆರು ಸಾಲು, ಮೇಲೆ ರಾಗ, ತಾಳ. ಸಾಲಿನ ನಡುವಿನ ಜಾಗವನ್ನು ಸ್ವಲ್ಪ ಸ್ವಲ್ಪವೇ ಕಡಿಮೆ ಮಾಡುತ್ತ ಬಂದೆ. ಒಂದು ಹಂತ ದಾಟಿದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಏತ್ವಕ್ಕೆ ತಾಗುತ್ತದೆ. ‘ರಾಷ್ಟ್ರ’ದ ಕೆಳಗೆ ‘ಕೇಳೆ’ ಬಂದ ಜಾಗ ಹುಡುಕಿ ಅದನ್ನೇ ಅಳತೆಯಾಗಿ ಇಟ್ಟುಕೊಂಡೆ. ಅಲ್ಲಿ ತಾಗದಿದ್ದರೆ ಬೇರೆಲ್ಲೂ ತಾಗುವುದಿಲ್ಲ. ಅಂಚಿನ ಖಾಲಿ ಜಾಗವನ್ನು ಪೂರ್ತಿ ತೆಗೆದೆ. ಸಾಲುಗಳನ್ನು ಎರಡೂ ಕಡೆ ಸಮ ಮಾಡುವುದನ್ನೂ ನಿಲ್ಲಿಸಿದೆ. ಕನ್ನಡದ ಉದ್ದದ ಪದಗಳಿಗೆ ಸಣ್ಣ ಪರದೆಯಲ್ಲಿ ಅದು ಒಗ್ಗುವುದಿಲ್ಲ, ಪದಗಳ ನಡುವೆ ಹೊಂಡ ಬೀಳುತ್ತದೆ.

ಕೊನೆಗೆ ಒಂದೇ ಒಂದು ಉಳಿಯಿತು. ಪುಟ ತಿರುಗಿದಾಗ ಹಿಂದಿನ ಪದ್ಯದ ನೆರಳು ಪರದೆಯಲ್ಲಿ ಸ್ವಲ್ಪ ಉಳಿಯುತ್ತದೆ. ಇಂಕಿನ ಪರದೆಯ ಸ್ವಭಾವ ಅದು. ಪ್ರತಿ ಪುಟಕ್ಕೂ ಪೂರ್ತಿ ಅಳಿಸಿ ಬರೆಯುವ ಹಾಗೆ ಮಾಡಿದೆ. ಪರದೆ ಒಮ್ಮೆ ಕಪ್ಪಾಗಿ ಬೆಳ್ಳಗಾಗುತ್ತದೆ. ಬ್ಯಾಟರಿ ಸ್ವಲ್ಪ ಜಾಸ್ತಿ ಹೋಗುತ್ತದೆ, ಆದರೆ ನೆರಳು ಇಲ್ಲ.

ಮಳೆಗಾಲದ ಆಟಿ ತಿಂಗಳ ಎರಡನೆಯ ವಾರ, ನಮ್ಮ ಸಂಬಂಧಿಕರ ಮನೆಯಲ್ಲಿ ತಾಳಮದ್ದಳೆ. ಕರ್ಣನ ಕೊನೆಯ ದಿನದ ಕಥೆ. ಅಪ್ಪ ರೀಡರನ್ನು ಸ್ಟ್ಯಾಂಡಿನಲ್ಲಿ ಅಡ್ಡ ಇಟ್ಟರು. ಪಕ್ಕದಲ್ಲಿ ಚಕ್ರತಾಳ ಹಿಡಿದ ಹುಡುಗನಿಗೆ, ಅರ್ಥ ಶುರುವಾದ ಮೇಲೆ ಬಲಬದಿಗೆ ಒಮ್ಮೆ ಮುಟ್ಟಬೇಕು ಎಂದು ಹೇಳಿಕೊಟ್ಟಿದ್ದೆ. ಏಳೂವರೆಗೆ ಕರೆಂಟ್ ಹೋಯಿತು. ಎಮರ್ಜೆನ್ಸಿ ಲೈಟ್ ಹುಡುಕುವ ಗಡಿಬಿಡಿಯಲ್ಲಿ ಎಲ್ಲರೂ ಇದ್ದರು. ಅಪ್ಪ ಮಾತ್ರ ನಿಲ್ಲಿಸಲಿಲ್ಲ. ಆ ಸಣ್ಣ ಪರದೆಯ ಬೆಳಕು ಅವರ ಗಲ್ಲಕ್ಕೆ ಬೀಳುತ್ತಿತ್ತು. ಪದ್ಯ ಪೂರ್ತಿ ಹೇಳಿ, ಮುಕ್ತಾಯ ಕೊಟ್ಟರು.

ರಾತ್ರಿ ಹನ್ನೊಂದಕ್ಕೆ ಮನೆಗೆ ಬಂದೆವು. ಶಾಲು ಮಡಚಿ ಇಡುತ್ತ ಅಪ್ಪ ಹೇಳಿದರು, “ಇಪ್ಪತ್ತೆರಡನೇ ಪದ್ಯಲ್ಲಿ ಒಂದು ಒಂಬತ್ತು ಹಾಂಗೇ ಇದ್ದು, ಮಗಳೆ.”

ತೆರೆದು ನೋಡಿದೆ. ನಾಲ್ಕನೆಯ ಸಾಲು, ‘ಕಣ೯’. ಮಲಗುವ ಮೊದಲು ತಿದ್ದಿ, ಫೈಲ್ ಮತ್ತೆ ರೀಡರಿಗೆ ಹಾಕಿದೆ.